ಕಡತದಿಂದ ತೆಗೆದ ಮಾತು

ಗುಬ್ಬಿ ಸಂತೆಯಲ್ಲಿ ಲಕ್ಷ್ಮೀನರಸಿಂಹಯ್ಯ ಪೈಪು ಮಾರುತ್ತಿದ್ದುದನ್ನು ಕಂಡವರು ಈಗಲೂ ಇದ್ದಾರೆ. ರಸ್ತೆಗೆ ಅಡ್ಡವಾಗಿ ಒಂದು ಪ್ಲಾಸ್ಟಿಕ್ ಪೈಪು ಮಲಗಿಸಿ, ಕಾಯಿ ತುಂಬಿದ ಎತ್ತಿನ ಗಾಡಿ ಬರುವ ತನಕ ಬದಿಯಲ್ಲಿ ನಿಂತಿರುತ್ತಿದ್ದರು. ಗಾಡಿ ಅದರ ಮೇಲೆ ಹಾದುಹೋದ ಮೇಲೆ ಪೈಪನ್ನೆತ್ತಿ, ಪಂಚೆಯ ತುದಿಯಿಂದ ಧೂಳು ಒರೆಸಿ, ಕೊಳ್ಳಲು ಬಂದವನ ಕೈಗೇ ಕೊಡುತ್ತಿದ್ದರು. ಬಿರುಕು ಹುಡುಕುವ ಕೆಲಸ ಅವನದು. ಸಿಕ್ಕರೆ ಪೈಪು ಪುಕ್ಕಟೆ. ಹಾಗೆ ಪುಕ್ಕಟೆ ಒಯ್ದವರು ಯಾರೂ ಇರಲಿಲ್ಲ. ‘ಪೈಪ್ ನರಸಿಂಹಯ್ಯ’ ಅನ್ನುವ ಹೆಸರು ಬಂದದ್ದು ಆಗ. ಮುಂದೆ ಶಾಸಕರಾದ ಮೇಲೂ ಜನ ಅದನ್ನು ಬಿಡಲಿಲ್ಲ.

ಅವರ ಊರು ಕುಣಿಗಲ್ ತಾಲ್ಲೂಕಿನಲ್ಲಿ, ಕೊತ್ತಗೆರೆಗೆ ಹತ್ತಿರದ ಚಿಕ್ಕಮಾವಿನಪಾಳ್ಯ. ತಂದೆ ತೀರಿಕೊಂಡಾಗ ಹೈಸ್ಕೂಲು ಬಿಟ್ಟು ಗುಬ್ಬಿಯ ಒಂದು ಪಂಪ್‌ಸೆಟ್ ಅಂಗಡಿಗೆ ಕೆಲಸಕ್ಕೆ ಸೇರಿದ್ದರು. ತಮ್ಮ ಗೋವಿಂದರಾಜು ಆಗ ಇನ್ನೂ ಅಂಬೆಗಾಲಿನ ಮಗು. ಕೆಲವು ವರ್ಷಗಳಲ್ಲಿ ತಾಯಿಯೂ ಹೋದರು. ಅಷ್ಟರಲ್ಲಿ ನರಸಿಂಹಯ್ಯನವರಿಗೆ ಮದುವೆಯಾಗಿತ್ತು. ಹೆಂಡತಿ ರಂಗಲಕ್ಷ್ಮಮ್ಮನಿಗೆ ಮಕ್ಕಳಾಗಲಿಲ್ಲ. ಮೈದುನನನ್ನೇ ಎಣ್ಣೆ ಒತ್ತಿ, ತಲೆ ಬಾಚಿ, ಜ್ವರ ಬಂದಾಗ ತೊಡೆಯ ಮೇಲೆ ಮಲಗಿಸಿಕೊಂಡು ಸಾಕಿದಳು.

ಎಂಬತ್ತರ ದಶಕದ ಕೊನೆಯಲ್ಲಿ ತುಮಕೂರಿನ ಅಂಚಿನ ಸತ್ಯಮಂಗಲದಲ್ಲಿ ಶೆಡ್ಡು ಹಿಡಿದು, ಯಾರೋ ಕೈಬಿಟ್ಟ ಹಳೆಯ ಯಂತ್ರವೊಂದನ್ನು ತಂದು ನರಸಿಂಹಯ್ಯ ಸ್ವಂತ ಕಾರ್ಖಾನೆ ಶುರುಮಾಡಿದರು. ಯಂತ್ರ ನಡೆಸಲು ಅಂಜನಪ್ಪ ಬಂದ. ಪೈಪಿಗೆ ಆಕಾರ ಕೊಡುವ ಅಚ್ಚಿನಲ್ಲಿ ಎಲ್ಲೋ ಗೀರು ಬಿದ್ದಿತ್ತು. ಹೊರಬರುವ ಪ್ರತಿ ಪೈಪಿನ ಒಳಮೈಯಲ್ಲಿ ಕೂದಲೆಳೆಯಂಥ ಎರಡು ಗೆರೆ ಮೂಡುತ್ತಿದ್ದವು. ಇಬ್ಬರೂ ಕೂತು ಎಷ್ಟು ಉಜ್ಜಿದರೂ ಹೋಗಲಿಲ್ಲ. ಅದರಿಂದ ಪೈಪಿಗೇನೂ ದೋಷವಿಲ್ಲವೆಂದು ಕೊನೆಗೆ ಸುಮ್ಮನಾದರು. ವ್ಯಾಪಾರ ಕುದುರಿತು. ಉಪ್ಪಾರಹಳ್ಳಿಯಲ್ಲಿ ಮನೆ ಕಟ್ಟಿದರು, ಗೋವಿಂದರಾಜುವನ್ನು ಬಿ.ಕಾಂ. ಓದಿಸಿದರು, ನೇತ್ರಾವತಿ ಎಂಬ ಹುಡುಗಿಯನ್ನು ತಂದು ಮದುವೆ ಮಾಡಿದರು.

ತೊಂಬತ್ತನಾಲ್ಕರ ಚುನಾವಣೆಗೆ ಕುಣಿಗಲ್ ಕ್ಷೇತ್ರದಿಂದ ನಿಲ್ಲಿಸಲು ಪಕ್ಷದವರೇ ಅವರನ್ನು ಹುಡುಕಿಕೊಂಡು ಬಂದರು. ಓಡಾಡಲು ಗಾಡಿ, ದುಡಿಯಲು ಜನ, ಹಳ್ಳಿಹಳ್ಳಿಯಲ್ಲಿ ಹೆಸರು ಮೂರೂ ಇದ್ದ ಮನುಷ್ಯ ಅವರಿಗೆ ಬೇಕಿತ್ತು. ನರಸಿಂಹಯ್ಯನವರಿಗೆ ಆಸೆ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ಲೈಸೆನ್ಸಿಗೆ, ಕರೆಂಟಿಗೆ ಎಂದು ಅಧಿಕಾರಿಗಳ ಬಾಗಿಲಲ್ಲಿ ವರ್ಷಗಟ್ಟಲೆ ನಿಂತವರು ಅವರು. ಶಾಸಕರು ಚೀಟಿ ಕಳಿಸದೆ ಒಳಗೆ ನಡೆದುಹೋಗುವುದನ್ನು ಅಲ್ಲೇ ನಿಂತು ನೋಡಿದ್ದರು. ಆದರೆ ಅದಷ್ಟೇ ಅಲ್ಲ. ಚಿಕ್ಕಮಾವಿನಪಾಳ್ಯದ ಹೆಂಗಸರು ಆಗಲೂ ಎಮ್ಮೆ ಇಳಿಯುವ ಕುಂಟೆಯಿಂದಲೇ ಕುಡಿಯುವ ನೀರು ತರುತ್ತಿದ್ದರು. ಊರೂರಿಗೆ ಪೈಪು ಮಾರಿದ ತನ್ನ ಸ್ವಂತ ಊರಿನಲ್ಲಿ ಒಂದು ನಲ್ಲಿ ಇಲ್ಲವೆಂಬುದು ಅವರನ್ನು ಕೊರೆಯುತ್ತಿತ್ತು. ಪ್ರಚಾರದಲ್ಲಿ ಬೇರೆ ಯಾವ ಭರವಸೆಯನ್ನೂ ಅವರು ಕೊಡಲಿಲ್ಲ. ಬೀದಿಗೊಂದು ನಲ್ಲಿ ಎಂದರು, ಅಷ್ಟೇ. ಜನ ನಂಬಿದರು. ಪೈಪಿನ ವಿಷಯದಲ್ಲಿ ಈ ಮನುಷ್ಯ ಸುಳ್ಳು ಹೇಳುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ನಾಮಪತ್ರಕ್ಕೆ ಮೊದಲು ವಕೀಲರು ಒಂದು ಮಾತು ಹೇಳಿದ್ದರು. ಸರ್ಕಾರಕ್ಕೆ ಮಾಲು ಒದಗಿಸುವ ಕರಾರು ಕೈಯಲ್ಲಿದ್ದರೆ ಶಾಸಕನಾಗುವಂತಿಲ್ಲ. ಆದ್ದರಿಂದ ಕಾರ್ಖಾನೆಯನ್ನು ಪೂರ್ತಿ ಗೋವಿಂದರಾಜುವಿನ ಹೆಸರಿಗೆ ಬರೆದರು. ರಂಗಲಕ್ಷ್ಮಮ್ಮ ಮಾತ್ರ, ಹುಡುಗ ಇನ್ನೂ ಮಾಗಿಲ್ಲ, ಸ್ವಲ್ಪ ನೋಡಿ ಎಂದಳು. ತಾನಿರುವಾಗ ಏನು ಭಯ ಎಂದು ನರಸಿಂಹಯ್ಯ ನಕ್ಕುಬಿಟ್ಟರು.

ಗೆದ್ದರು. ಕಾರ್ಖಾನೆಯ ಹುಡುಗರು ಉಪ್ಪಾರಹಳ್ಳಿಯ ಮನೆಯಿಂದ ಟೌನ್‌ಹಾಲ್ ತನಕ ಹೆಗಲ ಮೇಲೆ ಹೊತ್ತು ಮೆರೆಸಿದರು.

ಕಾರ್ಖಾನೆಯಲ್ಲಿ ಬೆಳಿಗ್ಗೆ ಹೇಳಿದ ಮಾತು ಸಂಜೆಗೆ ಪೈಪಾಗಿ ಹೊರಬರುತ್ತಿತ್ತು. ವಿಧಾನಸೌಧದಲ್ಲಿ ಹಾಗಿರಲಿಲ್ಲ. ನೀರಿನ ಯೋಜನೆಯ ಅರ್ಜಿ ಹಿಡಿದು ಇಲಾಖೆಗೆ ಹೋದರೆ ಹಣಕಾಸಿನವರನ್ನು ಕೇಳಿ ಎಂದರು, ಅಲ್ಲಿಗೆ ಹೋದರೆ ಯೋಜನೆಯವರ ಅಭಿಪ್ರಾಯ ಬರಲಿ ಎಂದರು. ಸಚಿವರು ಭುಜ ತಟ್ಟಿ, ಆಗುತ್ತೆ ಬಿಡಿ ನರಸಿಂಹಯ್ಯನೋರೆ ಎಂದರು. ಸದನದಲ್ಲಿ ಕೇಳಿದ ಪ್ರಶ್ನೆಗೆ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಬಂತು. ಮುಂದಿನ ವರ್ಷ ಕೇಳಿದಾಗಲೂ ಅದೇ ಬಂತು. ಉಳಿದ ಹೊತ್ತೆಲ್ಲ ವರ್ಗಾವಣೆಗೆ, ಹಾಸ್ಟೆಲ್ ಸೀಟಿಗೆ, ಠಾಣೆಯಿಂದ ಯಾರನ್ನೋ ಬಿಡಿಸುವುದಕ್ಕೆ, ಮದುವೆಗೆ, ತಿಥಿಗೆ ಹೋಗುತ್ತಿತ್ತು. ಸತ್ಯಮಂಗಲದ ಕಡೆ ಕಾಲಿಡುವುದೇ ಅಪರೂಪವಾಯಿತು. ಗೋವಿಂದರಾಜು ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದ. ಜೀಪಿಗೆ ಡೀಸೆಲ್ಲಿರಲಿ, ಮನೆಗೆ ಬಂದವರ ಊಟವಿರಲಿ, ಯಾವುದಕ್ಕೂ ಅಣ್ಣ ಕೈ ಚಾಚುವ ಹಾಗೆ ಬಿಡಲಿಲ್ಲ.

ನಾಲ್ಕು ವರ್ಷ ಕಳೆದ ಮೇಲೆ ಯೋಜನೆ ಮಂಜೂರಾಯಿತು. ಗುತ್ತಿಗೆ ಮಹಾದೇವಯ್ಯ ಎಂಬುವನಿಗೆ ಹೋಯಿತು. ಅವನು ಪಕ್ಷದ ದೊಡ್ಡ ಮುಖಂಡರೊಬ್ಬರ ಆಪ್ತ. ಪೈಪು ಯಾವುದು ಹಾಕುತ್ತೀ ಎಂದು ನರಸಿಂಹಯ್ಯ ಕೇಳಿದಾಗ, ಹೊರಗಿನ ಕಂಪನಿಯದು, ಐ.ಎಸ್.ಐ. ಮುದ್ರೆ ಇರುವ ಮಾಲು ಎಂದ. ಸದ್ಯ ನಮ್ಮದಲ್ಲವಲ್ಲ, ಯಾರೂ ಬೆರಳು ತೋರಿಸುವ ಹಾಗಿಲ್ಲ ಎಂದು ಅವರಿಗೆ ಸಮಾಧಾನವೇ ಆಯಿತು. ಗುಂಡಿ ತೋಡುವ ದಿನ ಹಾರ ಹಾಕಿಸಿಕೊಂಡು ಗುದ್ದಲಿ ಪೂಜೆ ಮಾಡಿ ಬಂದರು. ರಸ್ತೆ ಬದಿಗೆ ಜೋಡಿಸಿದ್ದ ಪೈಪುಗಳ ಪಕ್ಕದಲ್ಲೇ ನಡೆದುಹೋದರು. ಒಂದನ್ನೂ ಕೈಯಲ್ಲಿ ಹಿಡಿದು ನೋಡಲಿಲ್ಲ.

ತೊಂಬತ್ತೊಂಬತ್ತರ ಬೇಸಿಗೆಯಲ್ಲಿ ಚಿಕ್ಕಮಾವಿನಪಾಳ್ಯಕ್ಕೆ ನೀರು ಬಂತು. ಮೊದಲ ನಲ್ಲಿ ನಿಂತದ್ದು ದೊಡ್ಡಗಂಗಮ್ಮನ ಮನೆಯ ಮುಂದೆ. ನರಸಿಂಹಯ್ಯನವರ ತಾಯಿಯ ಜೊತೆಯವಳು ಆಕೆ. ತಾಯಿ ಹೊಲಕ್ಕೆ ಹೋದಾಗ ಎಷ್ಟೋ ಸಲ ಅವರಿಗೆ ಉಣ್ಣಿಸಿದವಳು. ನಲ್ಲಿ ತಿರುಗಿಸಲು ಅವಳ ಮೊಮ್ಮಗಳು ಶಾಂತಲಾಳನ್ನು ನರಸಿಂಹಯ್ಯ ಎತ್ತಿಕೊಂಡರು. ಮಗು ತಿರುಗಿಸಿತು, ನೀರು ಬಿತ್ತು, ತಕ್ಷಣವೇ ನಿಲ್ಲಿಸಿಬಿಟ್ಟಿತು. ನೀರು ಚೆಲ್ಲಬಾರದು ಎಂದು ಅಜ್ಜಿ ಹೇಳಿಕೊಟ್ಟದ್ದು ಅದಕ್ಕೆ ಅಷ್ಟು ಚೆನ್ನಾಗಿ ನೆನಪಿತ್ತು. ಫೋಟೋದವನಿಗೆ ಸಿಗಲಿಲ್ಲವೆಂದು ಇನ್ನೊಮ್ಮೆ ತಿರುಗಿಸಬೇಕಾಯಿತು. ಎಲ್ಲರೂ ನಕ್ಕರು. ದೊಡ್ಡಗಂಗಮ್ಮ ಆ ನೀರನ್ನು ಅಂಗೈಯಲ್ಲಿ ಹಿಡಿದು ನರಸಿಂಹಯ್ಯನವರ ತಲೆಗೆ ತಟ್ಟಿದಳು. ಅವರ ಕಣ್ಣು ತುಂಬಿಬಂತು. ಆ ವರ್ಷದ ಚುನಾವಣೆಯಲ್ಲಿ ಅವರು ಎರಡನೆಯ ಸಲ ಗೆದ್ದರು.

ಮಾರನೆಯ ವರ್ಷ ಮಳೆ ಹಿಡಿದ ವಾರದಲ್ಲಿ ಊರಿನಲ್ಲಿ ವಾಂತಿಭೇದಿ ಶುರುವಾಯಿತು. ಮೊದಲು ಕೆಳಗಿನ ಬೀದಿಯ ಇಬ್ಬರಿಗೆ, ಎರಡು ದಿನದಲ್ಲಿ ಮನೆಮನೆಗೆ. ಟ್ರ್ಯಾಕ್ಟರಿನಲ್ಲಿ, ಟೆಂಪೋದಲ್ಲಿ ಜನರನ್ನು ಕುಣಿಗಲ್ ಆಸ್ಪತ್ರೆಗೆ ಸಾಗಿಸಿದರು. ವರಾಂಡದಲ್ಲೂ ಚಾಪೆ ಹಾಸಿ ಮಲಗಿಸಿ ಡಾಕ್ಟರುಗಳು ಗ್ಲೂಕೋಸ್ ಹಚ್ಚಿದರು. ಹೆಚ್ಚಿನವರು ಉಳಿದರು. ವಯಸ್ಸಾದ ಕೆಲವರು ಮತ್ತು ಒಂದಿಬ್ಬರು ಮಕ್ಕಳು ಉಳಿಯಲಿಲ್ಲ. ಶಾಂತಲಾ ಟೆಂಪೋದಲ್ಲೇ, ಅಜ್ಜಿಯ ತೊಡೆಯ ಮೇಲೆ ಹೋಗಿತ್ತು. ಆಸ್ಪತ್ರೆಯ ಗೇಟು ತಲುಪುವ ತನಕ ದೊಡ್ಡಗಂಗಮ್ಮ ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಗಾಡಿ ನಿಲ್ಲಿಸಿಬಿಡುತ್ತಾರೆ, ಉಳಿದವರಿಗೆ ತಡವಾಗುತ್ತದೆ ಎಂದು ಸುಮ್ಮನೆ ಕೂತಿದ್ದಳು.

ಸುದ್ದಿ ತಿಳಿದ ಕೂಡಲೇ ನರಸಿಂಹಯ್ಯ ಆಸ್ಪತ್ರೆಗೆ ಹೋದರು. ಅಲ್ಲಿಂದ ಊರಿಗೆ ಬರುವಷ್ಟರಲ್ಲಿ, ಪಂಚಾಯ್ತಿಯಿಂದ ನೀರು ಬಿಡುವ ಕೆಲಸದ ನೀರುಗಂಟಿ ಯಲ್ಲಯ್ಯ ಚರಂಡಿ ದಾಟುವ ಕಡೆ ಪೈಪನ್ನು ಅಗೆದು ತೆಗೆದಿದ್ದ. ಪೈಪು ಉದ್ದಕ್ಕೆ ಸೀಳಿತ್ತು. ಚರಂಡಿಯ ಕೊಳಚೆ ಅದರೊಳಗೆ ಇಳಿಯುತ್ತಿತ್ತು. ನರಸಿಂಹಯ್ಯ ಚಪ್ಪಲಿ ಬಿಟ್ಟು ಗುಂಡಿಗೆ ಇಳಿದರು. ತುಂಡನ್ನು ಕೈಗೆ ತೆಗೆದುಕೊಂಡು ಮಂಡಿಗೆ ಒತ್ತಿದರು. ಅದು ಹಪ್ಪಳದಂತೆ ಮುರಿಯಿತು. ಮುರಿದ ಅಂಚಿನಲ್ಲಿ ಬಿಳಿ ಪುಡಿ. ಪ್ಲಾಸ್ಟಿಕ್ ಕಾಳು ಉಳಿಸಲು ಬೇಕಾಬಿಟ್ಟಿ ಸೀಮೆಸುಣ್ಣದ ಪುಡಿ ಸೇರಿಸಿದ ಮಾಲು ಅದು. ಹೊರಮೈ ಮೇಲೆ ಯಾವುದೋ ಊರಿನ ಯಾವುದೋ ಕಂಪನಿಯ ಹೆಸರಿತ್ತು. ಒಳಮೈಯನ್ನು ಹೆಬ್ಬೆರಳಿನಿಂದ ಸವರಿದರು. ಕೂದಲೆಳೆಯಂಥ ಎರಡು ಗೆರೆ ಸಿಕ್ಕವು.

ಗುಂಡಿಯ ಮೇಲೆ ನಿಂತಿದ್ದ ಜನ ಏನು ಸಾಹೇಬ್ರೆ, ಏನಾಗಿದೆ ಎಂದು ಕೇಳಿದರು. ಅವರು ಗುಂಡಿಯಿಂದ ಮೇಲೆ ಬಂದರು. ಕೈ ತೊಳೆದುಕೊಂಡು ಜೀಪು ಹತ್ತಿದರು.

ಸತ್ಯಮಂಗಲದ ಕಾರ್ಖಾನೆಯಲ್ಲಿ ಅಂಜನಪ್ಪ ಅವರನ್ನು ಕಂಡು ಎದ್ದು ನಿಂತ. ಆದರೆ ಮುಖ ನೋಡಲಿಲ್ಲ, ಯಂತ್ರದ ಕಡೆ ತಿರುಗಿದ. ಅಷ್ಟರಲ್ಲೇ ಅವರಿಗೆ ಎಲ್ಲ ತಿಳಿದುಹೋಯಿತು. ಆಫೀಸಿನ ಬಾಗಿಲು ಹಾಕಿ ತಮ್ಮನ ಎದುರು ಕೂತರು.

“ಗೋವಿಂದ, ಆ ಪೈಪು ನಮ್ದು.”

ಗೋವಿಂದರಾಜು, “ನಮ್ದು ಅಂತ ಅದ್ರ ಮೇಲೆ ಬರ್ದಿಲ್ವಲ್ಲಣ್ಣ” ಎಂದ.

“ನಮ್ಮ ಅಚ್ಚಿನ ಗೆರೆ ನಂಗೆ ಗೊತ್ತಾಗಲ್ವೇನ್ಲಾ?”

“ಮಾದೇವಯ್ಯ ಆ ರೇಟಿಗೇ ಕೇಳ್ದ. ಪುಡಿ ಹಾಕ್ದೆ ಆ ರೇಟಿಗೆ ಯಾರ್ ಕೈಲೂ ಆಗಲ್ಲ. ಬೇರೆ ಹೆಸ್ರು ಹಾಕ್ಕೊಡು ಅಂದ, ಹಾಕ್ಕೊಟ್ಟೆ. ಒಪ್ದೆ ಇದ್ದಿದ್ರೆ ನಿನ್ನ ಸ್ಕೀಮು ಇವತ್ತಿಗೂ ಫೈಲಲ್ಲೇ ಇರ್ತಿತ್ತು. ಎರಡು ಎಲೆಕ್ಷನ್ ಆಯ್ತು. ಜೀಪು, ಊಟ, ಬ್ಯಾನರು, ಬೂತಿನ್ ಖರ್ಚು ಎಲ್ಲಾ ಎಲ್ಲಿಂದ ಬಂತು ಅಂತ ಒಂದಿನ ಕೇಳಿದ್ಯಾ ಅಣ್ಣ? ನೀನು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ.”

“ದೊಡ್ಡಗಂಗಮ್ಮನ ಮೊಮ್ಮಗು ಸತ್ತೋಯ್ತು ಕಣೋ.”

“ಸಾಯ್ಲಿ ಅಂತ ಮಾಡಿದ್ನಾ ನಾನು?” ಎಂದು ಗೋವಿಂದರಾಜು ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟ. ಅದು ನಾಟಕದ ಅಳುವಲ್ಲ. ಚಿಕ್ಕಂದಿನಿಂದ ಅವನ ಅಳುವನ್ನು ಕಂಡಿದ್ದ ನರಸಿಂಹಯ್ಯನವರಿಗೆ ಅದು ಗೊತ್ತಿತ್ತು. ಎದ್ದು ಹೋಗಿ ಅವನ ಬೆನ್ನ ಮೇಲೆ ಕೈಯಿಟ್ಟರು. ಆಮೇಲೆ ಕೈ ತೆಗೆದುಕೊಂಡರು.

ಬೆಂಗಳೂರಿಗೆ ಹೋಗಿ ಪಕ್ಷದ ಮುಖಂಡರ ಮುಂದೆ ಎಲ್ಲವನ್ನೂ ಹೇಳಿದರು. ಮುಖಂಡರು ಕಾಫಿ ತರಿಸಿ, ಸಾವಧಾನದಿಂದ ಕೇಳಿಸಿಕೊಂಡರು. ನೀವು ಬಾಯಿಬಿಟ್ಟರೆ ಮೊದಲು ಬರುವುದು ನಿಮ್ಮ ಹೆಸರು, ಆಮೇಲೆ ತಮ್ಮನದು, ಆಮೇಲೆ ಪಕ್ಷದ್ದು. ತನಿಖೆಗೆ ಹೇಳಿದ್ದೇವೆ, ಪರಿಹಾರ ಕೊಡಿಸುತ್ತೇವೆ, ವರದಿ ಬರುವ ತನಕ ಸುಮ್ಮನಿರಿ ಎಂದರು. ಹಾಳಾದ ಕಡೆ ಹೊಸ ಪೈಪು ಹಾಕಿಸಿಕೊಡಿ ಎಂದು ನರಸಿಂಹಯ್ಯ ಕೇಳಿದರು. ಅದೂ ವರದಿ ಬಂದ ಮೇಲೆ ಎಂದರು. ಅಲ್ಲಿಯ ತನಕ ಊರಿನ ನಲ್ಲಿಗಳಲ್ಲಿ ನೀರು ನಿಂತಿತು.

ಅವರು ಸುಮ್ಮನಿದ್ದರು. ವರದಿಗಾಗಿ ಕಾಯುತ್ತಿದ್ದೇನೆ ಎಂದು ತಮಗೆ ತಾವೇ ಹೇಳಿಕೊಂಡರು. ಪರಿಹಾರದ ಚೆಕ್ಕನ್ನು ದೊಡ್ಡಗಂಗಮ್ಮನ ಮಗನ ಕೈಗೆ ಅವರೇ ಕೊಡಬೇಕಾಗಿ ಬಂದಾಗ, ಮನೆಯೊಳಗೆ ಕೂತಿದ್ದ ಮುದುಕಿಯ ಕಡೆ ನೋಡದೆ ಹೊರಗಿನಿಂದಲೇ ಹೊರಟುಬಂದರು. ಮನೆಯಲ್ಲಿ ಊಟ ಕಡಿಮೆಯಾಯಿತು. ರಂಗಲಕ್ಷ್ಮಮ್ಮ ಕೇಳಿ ಕೇಳಿ ಸಾಕಾಗಿ ಒಂದು ದಿನ ತಟ್ಟೆ ಮುಂದಿಟ್ಟು, ಹೇಳದಿದ್ದರೆ ನಾನೂ ಉಣ್ಣುವುದಿಲ್ಲ ಎಂದು ಕೂತಳು. ಹೇಳಿದರು. ಅವಳು ಅಳಲಿಲ್ಲ. ಅವನನ್ನು ಸಾಕಿದವರು ನಾವೇ ಅಲ್ಲವೇ ಎಂದಷ್ಟೇ ಹೇಳಿ ತಟ್ಟೆ ಎತ್ತಿಕೊಂಡು ಹೋದಳು.

ವರದಿ ಬರಲು ವರ್ಷವೇ ಹಿಡಿಯಿತು. ಗ್ರಾಮಸ್ಥರು ಅನಧಿಕೃತವಾಗಿ ಪೈಪು ಕೊರೆದು ನಲ್ಲಿ ಹಾಕಿಕೊಂಡಿದ್ದರಿಂದ ಕೊಳವೆಗೆ ಹಾನಿಯಾಗಿದೆ, ಅದನ್ನು ತಡೆಯದ ನೀರುಗಂಟಿಯದು ಕರ್ತವ್ಯಲೋಪ ಎಂದು ಅದರಲ್ಲಿತ್ತು. ಯಲ್ಲಯ್ಯನನ್ನು ಕೆಲಸದಿಂದ ತೆಗೆದರು. ಅವನ ಹೆಂಡತಿ ಗಂಗಾಂಬಿಕೆಯೂ ಆ ಮಳೆಗಾಲದಲ್ಲಿ ಕುಣಿಗಲ್ ಆಸ್ಪತ್ರೆಯ ವರಾಂಡದಲ್ಲಿ ಮಲಗಿ ಎದ್ದು ಬಂದವಳು. ಗಂಡ ಹೆಂಡತಿ ಇಬ್ಬರೂ ಉಪ್ಪಾರಹಳ್ಳಿಗೆ ಬಂದು ನರಸಿಂಹಯ್ಯನವರ ಮುಂದೆ ನಿಂತರು. ಪೈಪನ್ನು ಅಗೆದು ತೋರಿಸಿದ್ದೇ ನಾನಲ್ಲವೇ ಸಾರ್ ಎಂದು ಯಲ್ಲಯ್ಯ ಕೇಳಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಎಲ್ಲೋ ಲೆಕ್ಕ ತಪ್ಪಿದೆ, ಸಾಹೇಬರು ಒಂದು ಮಾತು ಹೇಳಿದರೆ ಸರಿಹೋಗುತ್ತದೆ ಎಂದೇ ಅವನು ತಿಳಿದಿದ್ದ.

ಮುಂದಿನ ಅಧಿವೇಶನದಲ್ಲಿ ನರಸಿಂಹಯ್ಯ ಮಾತನಾಡಿದರು. ನೀರಿನ ಇಲಾಖೆಯ ಅನುದಾನದ ಬೇಡಿಕೆಗಳ ಮೇಲಿನ ಚರ್ಚೆ, ಊಟದ ನಂತರದ ಹೊತ್ತು. ಸದನದಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಕೂತಿದ್ದರು. ಪತ್ರಕರ್ತರ ಗ್ಯಾಲರಿಯಲ್ಲಿ ಒಬ್ಬಾತ ತೂಕಡಿಸುತ್ತಿದ್ದ. ಅವರ ಸರದಿ ಬಂದಾಗ ಬರೆದು ತಂದಿದ್ದ ಕಾಗದ ಮಡಿಸಿ ಜೇಬಿಗಿಟ್ಟು, ಎದ್ದು ನಿಂತು, ಚಿಕ್ಕಮಾವಿನಪಾಳ್ಯದ ಪೈಪು ಮಾಡಿದ್ದು ನನ್ನ ಕಾರ್ಖಾನೆಯಲ್ಲಿ ಎಂದು ಶುರುಮಾಡಿದರು. ತಮ್ಮನ ಹೆಸರು ಹೇಳಿದರು, ಮಹಾದೇವಯ್ಯನ ಹೆಸರು ಹೇಳಿದರು, ಅವನ ಬೆನ್ನಿಗಿದ್ದ ಮುಖಂಡರ ಹೆಸರನ್ನೂ ಹೇಳಿದರು. ನನ್ನ ಚುನಾವಣೆ ನಡೆದದ್ದು ಆ ಪೈಪಿನ ದುಡ್ಡಿನಿಂದ, ನಾನು ಗೊತ್ತಿದ್ದೂ ಒಂದು ವರ್ಷ ಬಾಯಿ ಮುಚ್ಚಿಕೊಂಡಿದ್ದೆ ಎಂದರು. ಅಷ್ಟರಲ್ಲಿ ಮುಂದಿನ ಸಾಲಿನಿಂದ ಇಬ್ಬರು ಎದ್ದು ಆಕ್ಷೇಪಿಸಿದರು. ಮುಂಚಿತವಾಗಿ ನೋಟಿಸು ಕೊಡದೆ, ಸದನದಲ್ಲಿ ಇಲ್ಲದವರ ಮೇಲೆ ಆರೋಪ ಮಾಡುವಂತಿಲ್ಲ ಎಂದು ಪೀಠದಿಂದ ಮಾತು ಬಂತು. ನರಸಿಂಹಯ್ಯ ನಿಲ್ಲಿಸಲಿಲ್ಲ. ಮೈಕು ನಿಂತಿತು. ಅವರು ಗಂಟಲಿನಿಂದಲೇ ಮುಂದುವರಿಸಿದರು. ಸತ್ತವರ ಹೆಸರುಗಳನ್ನು ಒಂದೊಂದಾಗಿ ಹೇಳುತ್ತಿದ್ದರು.

ಸದಸ್ಯರು ಹೇಳಿದ ಯಾವುದೂ ಕಡತಕ್ಕೆ ಹೋಗಬಾರದು ಎಂದು ಪೀಠದಿಂದ ಆದೇಶವಾಯಿತು. ಮುಂದಿನ ಸದಸ್ಯರ ಹೆಸರು ಕರೆದರು. ಆತ ಎದ್ದು ತನ್ನ ಕ್ಷೇತ್ರದ ರಸ್ತೆಯ ವಿಷಯ ಎತ್ತಿಕೊಂಡ.

ತಾವು ತಮ್ಮ ಮೇಲೆಯೇ ಹೊರಿಸಿಕೊಂಡ ಆರೋಪವೂ ಅದರೊಂದಿಗೇ ಅಳಿಸಿಹೋಗಿದೆ ಎಂದು ನರಸಿಂಹಯ್ಯನವರಿಗೆ ಗೊತ್ತಾದದ್ದು ಆಮೇಲೆ, ಮುದ್ರಿತ ನಡವಳಿ ತರಿಸಿ ನೋಡಿದಾಗ. ಆ ದಿನದ ಪುಟದಲ್ಲಿ ಅವರ ಹೆಸರಿತ್ತು, ಅದರ ಕೆಳಗೆ ‘ಕಡತದಿಂದ ತೆಗೆಯಲಾಗಿದೆ’ ಎಂಬ ಒಂದು ಸಾಲು. ಅವರು ತುಮಕೂರಿನ ಪತ್ರಿಕೆಯೊಂದಕ್ಕೆ ಅದನ್ನೇ ಮತ್ತೆ ಹೇಳಿದರು, ಠಾಣೆಗೂ ದೂರು ಬರೆದುಕೊಟ್ಟರು. ಪಕ್ಷ ಅವರನ್ನು ಅಮಾನತು ಮಾಡಿತು. ಪೊಲೀಸರು ಸತ್ಯಮಂಗಲಕ್ಕೆ ಬಂದು ಕಾರ್ಖಾನೆಗೆ ಬೀಗ ಜಡಿದರು. ಮಾಲು ತಯಾರಿಕೆಗೆ ಜವಾಬ್ದಾರ ಯಾರು ಎಂದು ನೋಡಿದರೆ ಎಲ್ಲ ಕಾಗದದಲ್ಲೂ ಅಂಜನಪ್ಪನ ಸಹಿ ಇತ್ತು. ಗೋವಿಂದರಾಜುವಿಗೆ ನಿರೀಕ್ಷಣಾ ಜಾಮೀನು ಸಿಕ್ಕಿತು. ಅಂಜನಪ್ಪ ಜೈಲಿಗೆ ಹೋದ. ಮಹಾದೇವಯ್ಯನನ್ನು ಕರೆಸಿ ಹೇಳಿಕೆ ಬರೆಸಿಕೊಂಡು ಕಳಿಸಿದರು.

ಅಂಜನಪ್ಪನನ್ನು ಜಾಮೀನಿನ ಮೇಲೆ ಬಿಡಿಸಲು ನರಸಿಂಹಯ್ಯ ತಾವೇ ಓಡಾಡಿದರು. ಹೊರಬಂದವನು ಅವರ ಜೀಪು ಹತ್ತಲಿಲ್ಲ.

“ನೀವು ಸತ್ಯ ಹೇಳಿದ್ರಿ ಯಜಮಾನ್ರೆ, ತಪ್ಪು ಅನ್ನಲ್ಲ ನಾನು” ಎಂದ. “ಆದ್ರೆ ಬಾಗ್ಲು ಹಾಕ್ಕಂಡಿದ್ದು ನಮ್ಮನೇದು. ಕಾರ್ಖಾನೇಲಿ ದುಡೀತಿದ್ದೋರೆಲ್ಲ ನಿಮ್ಗೆ ಪೋಸ್ಟರ್ ಅಂಟ್ಸಿದೋರೇ.”

ಅವನು ಬಸ್‌ಸ್ಟ್ಯಾಂಡಿನ ಕಡೆಗೆ ನಡೆದುಕೊಂಡು ಹೋದ. ಆಮೇಲೆ ಅವನು ಬೆಂಗಳೂರಿನ ಪೀಣ್ಯದ ಕಡೆ ಯಾವುದೋ ಕಾರ್ಖಾನೆ ಸೇರಿದನೆಂದು ಕೇಳಿದರು. ಮತ್ತೆ ಕಾಣಲಿಲ್ಲ.

ಇನ್ನು ಹೋಗಲೇಬೇಕಾದ ಒಂದು ಮನೆ ಉಳಿದಿತ್ತು. ಒಂದು ಬೆಳಿಗ್ಗೆ ನರಸಿಂಹಯ್ಯ ಒಬ್ಬರೇ ಚಿಕ್ಕಮಾವಿನಪಾಳ್ಯಕ್ಕೆ ಹೋದರು. ದೊಡ್ಡಗಂಗಮ್ಮ ಜಗಲಿಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದಳು. ಅವರು ಎದುರು ನೆಲದ ಮೇಲೆ ಕೂತು, ಪೈಪು ಯಾರದು, ತಾನು ಯಾವತ್ತು ತಿಳಿದುಕೊಂಡೆ, ಎಷ್ಟು ಕಾಲ ಮುಚ್ಚಿಟ್ಟೆ ಎಲ್ಲವನ್ನೂ ಹೇಳಿದರು. ಮುದುಕಿಯ ಕೈ ನಿಲ್ಲಲಿಲ್ಲ. ಬೀಜ ಒಂದು ಕಡೆ, ಹಣ್ಣು ಒಂದು ಕಡೆ ಬೀಳುತ್ತಿದ್ದವು.

“ನೀನು ಗುಂಡಿಯಿಂದ ಎದ್ದು ಬಂದಾಗ್ಲೇ ನಿನ್ನ ಮೊಕ ನೋಡಿ ಊರೋರೆಲ್ಲ ಅಂದ್ಕಂಡ್ರು ಕಣಪ್ಪ” ಎಂದಳು ಕೊನೆಗೆ. “ಈಗ ಬಂದು ಹೇಳ್ತಿದೀಯ.”

“ಈಗ್ಲಾದ್ರೂ ಹೇಳ್ಬೇಕು ಅನ್ನಿಸ್ತು ಅವ್ವ.”

“ನಿಂಗೆ ಅನ್ನಿಸ್ತು. ನಿನ್ ಎದೆ ಅಗುರಾಯ್ತದೆ. ಅದುನ್ನ ನಾನೇನ್ ಮಾಡ್ಕಳ್ಳಿ?” ಅವಳು ಬೈಯಲಿಲ್ಲ, ಸುಮ್ಮನೆ ಕೇಳಿದಳು. “ಎದ್ದೋಗು ನರಸಿಂಹ. ಬಿಸ್ಲು ಏರ್ತದೆ.”

ಕೇಸು ಕೋರ್ಟಿನಲ್ಲಿ ಎಳೆದಾಡಿತು. ಊರಿನಿಂದ ತೆಗೆದಿದ್ದ ಪೈಪಿನ ತುಂಡುಗಳು ಪರೀಕ್ಷೆಗೆ ಹೋದವು, ಹಿಂದಿರುಗಲಿಲ್ಲ. ಸಾಕ್ಷಿ ಹೇಳುತ್ತೇವೆಂದಿದ್ದವರಲ್ಲಿ ಕೆಲವರು, ಪರಿಹಾರ ವಾಪಸು ಕೇಳುತ್ತಾರಂತೆ ಎಂಬ ಮಾತು ಕೇಳಿ ಹಿಂದೆ ಸರಿದರು. ಒಳಗಿನ ಎರಡು ಗೆರೆಯ ವಿಷಯವನ್ನು ನರಸಿಂಹಯ್ಯ ಕಟಕಟೆಯಲ್ಲಿ ನಿಂತು ವಿವರಿಸಿದಾಗ ಎದುರು ವಕೀಲರು ಒಂದೇ ಪ್ರಶ್ನೆ ಕೇಳಿದರು: ಅಣ್ಣತಮ್ಮಂದಿರ ನಡುವೆ ಆಸ್ತಿ ತಕರಾರು ಇದೆಯಲ್ಲವೇ? ಇಲ್ಲ ಎಂದರು. ಇದೆ ಎಂದೇ ಊರೆಲ್ಲ ಮಾತಾಯಿತು. ಗೋವಿಂದರಾಜು ಗುಬ್ಬಿ ರಸ್ತೆಯಲ್ಲಿ ಹೆಂಡತಿ ನೇತ್ರಾವತಿಯ ಹೆಸರಿನಲ್ಲಿ ಹೊಸ ಕಾರ್ಖಾನೆ ಹಾಕಿದ. ಎರಡು ಸಾವಿರದ ಮೂರರ ಕೊನೆಗೆ ಸಾಕ್ಷ್ಯವಿಲ್ಲವೆಂದು ಕೇಸು ಬಿದ್ದುಹೋಯಿತು.

ಮಾರನೆಯ ವರ್ಷದ ಚುನಾವಣೆಗೆ ಪಕ್ಷ ಗೋವಿಂದರಾಜುವಿಗೆ ಟಿಕೆಟ್ ಕೊಟ್ಟಿತು.

ನಾಮಪತ್ರದ ದಿನ ಬೆಳಿಗ್ಗೆ ಅವನು ಉಪ್ಪಾರಹಳ್ಳಿಯ ಮನೆಗೆ ಬಂದ. ಬಿಳಿ ಅಂಗಿ, ಹಣೆಗೆ ಕುಂಕುಮ, ಹಿಂದೆ ಒಂದಷ್ಟು ಜನ, ಅವರಲ್ಲೊಬ್ಬನ ಕೊರಳಲ್ಲಿ ಕ್ಯಾಮೆರಾ. ಅಣ್ಣನ ಮನೆಯ ಹೊಸಿಲು ಅವನು ತುಳಿದು ಮೂರು ವರ್ಷವಾಗುತ್ತ ಬಂದಿತ್ತು. ರಂಗಲಕ್ಷ್ಮಮ್ಮ ಬಾಗಿಲು ತೆರೆದು, ಒಳಗೆ ಬಾ ಎಂದೂ ಅನ್ನದೆ ಹೋಗು ಎಂದೂ ಅನ್ನದೆ ಬದಿಗೆ ಸರಿದಳು. ಅವನು ನೇರವಾಗಿ ಬಂದು ನರಸಿಂಹಯ್ಯನವರ ಕಾಲಿಗೆ ಬಿದ್ದ.

“ನೀರು ತರ್ತೀನಿ ಅಣ್ಣ. ಅದೇ ಊರಿಗೆ. ಈ ಸಲ ಸರ್ಯಾಗಿ ಮಾಡ್ತೀನಿ” ಎಂದ, ಅವರಿಗಷ್ಟೇ ಕೇಳುವಂತೆ.

ನರಸಿಂಹಯ್ಯ ಅವನ ನೆತ್ತಿಯನ್ನು ನೋಡಿದರು. ಕೂದಲು ತೆಳ್ಳಗಾಗಿತ್ತು. ಕೈ ತಾನಾಗಿಯೇ ಮೇಲೆದ್ದು ಅಲ್ಲಿ ಕೂತಿತು. ಅದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು ಎಂದುಕೊಳ್ಳುವಷ್ಟರಲ್ಲಿ ಕ್ಯಾಮೆರಾ ಮಿಂಚಿತು. ನಾಲ್ಕು ದಿನದಲ್ಲಿ ಆ ಫೋಟೋ ಕರಪತ್ರವಾಗಿ ಕ್ಷೇತ್ರದ ಮನೆಮನೆ ತಲುಪಿತು. ‘ಅಣ್ಣನ ಆಶೀರ್ವಾದ, ನಿಮ್ಮ ಮತ’ ಎಂದು ಅಚ್ಚಾಗಿತ್ತು. ಅದು ಆಶೀರ್ವಾದವಲ್ಲ ಎಂದು ಹೇಳಿಕೆ ಕೊಡಲು ನರಸಿಂಹಯ್ಯ ಅದೇ ತುಮಕೂರಿನ ಪತ್ರಿಕೆಗೆ ಹೋದರು. ಸಂಪಾದಕರು ಕುರ್ಚಿ ಕೊಟ್ಟು, ನಾಳೆ ನೋಡೋಣ ಎಂದರು. ಗೋವಿಂದರಾಜು ದೊಡ್ಡ ಅಂತರದಲ್ಲಿ ಗೆದ್ದ. ಚಿಕ್ಕಮಾವಿನಪಾಳ್ಯದ ಬೂತಿನಲ್ಲೂ ಅವನಿಗೇ ಹೆಚ್ಚು ಬಿದ್ದಿತ್ತು.

ಅದಾದ ಮೇಲೆ ನರಸಿಂಹಯ್ಯನವರಿಗೆ ಮಾಜಿ ಶಾಸಕರ ಬಸ್ ಪಾಸೊಂದು ಉಳಿಯಿತು, ಪಿಂಚಣಿ ಉಳಿಯಿತು. ಮನೆಗೆ ಬರುವ ಜನ ಮಾತ್ರ ಪೂರ್ತಿ ನಿಲ್ಲಲಿಲ್ಲ. ಹೊಸ ಎಮ್ಮೆಲ್ಲೆಗೆ ಒಂದು ಮಾತು ಹೇಳಿ, ನಿಮ್ಮ ತಮ್ಮ ಅಲ್ಲವೇ ಎಂದು ಬರುತ್ತಿದ್ದರು. ಅವರಿಗೆಲ್ಲ ಇಲ್ಲ ಎಂದು ಹೇಳಿ ಕಳಿಸುತ್ತಿದ್ದರು. ಎರಡು ಸಾವಿರದ ಆರರಲ್ಲಿ ಯಲ್ಲಯ್ಯ ಬಂದಾಗ ಮಾತ್ರ ಹಾಗೆ ಹೇಳಲಾಗಲಿಲ್ಲ. ಅವನ ನೀರುಗಂಟಿ ಕೆಲಸ ವಾಪಸು ಸಿಕ್ಕಿರಲಿಲ್ಲ. ಕೂಲಿಗೆ ಹೋಗಿ ಹೋಗಿ ಬೆನ್ನು ಬಾಗಿತ್ತು. ನರಸಿಂಹಯ್ಯ ಅಂಗಿ ತೊಟ್ಟುಕೊಂಡರು. ಎಲ್ಲಿಗೆ ಎಂದು ರಂಗಲಕ್ಷ್ಮಮ್ಮ ಕೇಳಿದಳು. ಗೋವಿಂದನ ಹತ್ತಿರ ಎಂದಾಗ ಅವಳು ಇಬ್ಬರಿಗೂ ಮಜ್ಜಿಗೆ ತಂದುಕೊಟ್ಟಳು.

ಕುಣಿಗಲ್ಲಿನ ಶಾಸಕರ ಕಚೇರಿ ಮುಖ್ಯರಸ್ತೆಯ ಒಂದು ಮಹಡಿಯ ಮೇಲಿತ್ತು. ಹೊರಗಿನ ಬೆಂಚು ತುಂಬಿತ್ತು. ನರಸಿಂಹಯ್ಯನವರನ್ನು ಗುರುತಿಸಿ ಒಬ್ಬಾತ ಎದ್ದು ಜಾಗ ಕೊಟ್ಟ. ಇನ್ನು ಕೆಲವರು ಗುರುತಿಸಿಯೂ ಬೇರೆ ಕಡೆ ನೋಡಿದರು. ಒಳಗೆ ಯಾರೋ ಗೋಡೆಯ ಮೇಲಿನ ಟಿ.ವಿ. ಹಚ್ಚಿಕೊಂಡಿದ್ದರು. ಮಧ್ಯಾಹ್ನವಾಯಿತು. ಕೊನೆಗೆ ಆಪ್ತಸಹಾಯಕ ಹೊರಬಂದು, ಸಾಹೇಬರು ಹಿಂದಿನ ಮೆಟ್ಟಿಲಿನಿಂದ ಇಳಿದು ಬೆಂಗಳೂರಿಗೆ ಹೊರಟರು, ಮುಂದಿನ ವಾರ ಬನ್ನಿ, ಅರ್ಜಿ ಇದ್ದರೆ ಕೊಟ್ಟು ಹೋಗಿ ಎಂದ. ನಾನು ಬಂದಿರುವುದು ಅವನಿಗೆ ಗೊತ್ತಿತ್ತೇ ಎಂದು ನರಸಿಂಹಯ್ಯ ಕೇಳಿದರು.

“ಹೇಳಿದ್ದೆ ಸಾರ್” ಎಂದ ಹುಡುಗ, ನೆಲ ನೋಡುತ್ತ.

ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಯಲ್ಲಯ್ಯ ಟೀ ತರಿಸಿದ. ದುಡ್ಡು ಕೊಡಲು ನರಸಿಂಹಯ್ಯನವರನ್ನು ಬಿಡಲಿಲ್ಲ. ಮುಂದಿನ ವಾರ ಮತ್ತೆ ಬರೋಣ, ನಾನೂ ಬರುತ್ತೇನೆ ಎಂದು ಅವರು ಹೇಳಿದರು. ಯಲ್ಲಯ್ಯ ಲೋಟದ ತಳದಲ್ಲಿ ಉಳಿದದ್ದನ್ನು ಹೊರಗೆ ಚೆಲ್ಲಿ ಬಂದು ಕೂತ.

“ಬುಡಿ ಸಾರ್” ಎಂದ. “ನೀವು ಜೊತೇಲಿ ಬಂದ್ರೆ ಅದು ಆಗೋ ಕೆಲ್ಸ ಅಲ್ಲ. ನಂಗೆ ಈಗ ಗೊತ್ತಾಯ್ತು. ಇನ್ಮೇಲೆ ನಾನೊಬ್ನೇ ಬತ್ತೀನಿ.”

ನರಸಿಂಹಯ್ಯ ತಲೆಯಾಡಿಸಿದರು. ಕೊತ್ತಗೆರೆ ಕಡೆಯ ಬಸ್ಸು ಬಂತು. ಯಲ್ಲಯ್ಯ ನಮಸ್ಕಾರ ಮಾಡಿ, ನುಗ್ಗುವ ಜನರ ನಡುವೆ ದಾರಿ ಮಾಡಿಕೊಂಡು ಹತ್ತಿದ. ತುಮಕೂರಿನ ಬಸ್ಸು ಎಷ್ಟೊತ್ತಿಗೆ ಎಂದು ನರಸಿಂಹಯ್ಯ ಕಂಟ್ರೋಲರನ್ನು ಕೇಳಿದರು. ಆತ ಗಡಿಯಾರ ನೋಡಿ, ಒಂದು ಈಗಷ್ಟೇ ಹೋಯಿತು, ಇನ್ನೊಂದು ಕೆಟ್ಟು ನಿಂತಿದೆಯಂತೆ, ಗೊತ್ತಿಲ್ಲ ಎಂದ. ಅವರು ಹೋಗಿ ಕಂಬಕ್ಕೆ ಒರಗಿ ನಿಂತುಕೊಂಡರು.